ಗೋಲಿಗೊಂದು ಗಂಟೆ

ಸ್ನೇಹಿತರೇ, ಗಂಭೀರವಾಗಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಇಂದು ಬೆಳಿಗ್ಗೆ ಆರಕ್ಕೆ ದೇವರ ಗಂಟೆಯನ್ನು ದುರುಪಯೋಗಪಡಿಸಿಕೊಂಡೆ.

ಜರ್ಮನಿಯಲ್ಲಿ ಭಾನುವಾರ ಗಲಾಟೆ ನಿಷಿದ್ಧ. ಕಳೆದ ವಾರ ನನ್ನ "ಗೋಲ್!" ಕೇಳಿದ ಕೆಳಮನೆಯ ಅಜ್ಜಿ, ಇನ್ನೊಮ್ಮೆ ಕೂಗಿದರೆ ಮನೆ ಮಾಲೀಕರಿಗೆ ದೂರು ಎಂದಿದ್ದರು. ಪೂಜೆಯ ಗಂಟೆಗೆ ಮಾತ್ರ ಅವರ ತಕರಾರಿಲ್ಲ. ಹಾಗಾಗಿ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ನಮ್ಮ ತಂಡದ ಗೋಲಿಗೊಮ್ಮೆ, ಅಂದರೆ ಬಲಗಡೆಯ ಕಂಬಗಳ ನಡುವೆ ಚೆಂಡು ಹೋದಾಗಲೆಲ್ಲ, ಗಂಟೆ ಬಾರಿಸಿದೆ. ಕಿಟಕಿಯಲ್ಲಿ ನಮ್ಮೂರು ರೆನ್ನಿಂಗೆನ್ನಿನ ಮಂಜು, ಟೀವಿಯಲ್ಲಿ ಮೆಲ್ಬರ್ನಿನ ಮಧ್ಯಾಹ್ನದ ಬಿಸಿಲು. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು. ನಿದ್ದೆಗಣ್ಣಿನಲ್ಲಿ ನಾನು ಎರಡು ಬೆಳಕುಗಳ ನಡುವೆ ತೇಲುತ್ತಿದ್ದೆ.

ಹದಿನಾಲ್ಕನೇ ಸಲ ಗಂಟೆ ಬಾರಿಸಿದಾಗ ಬಾಗಿಲು ಬಡಿದ ಸದ್ದು. ಅಜ್ಜಿ! ಕೈಯಲ್ಲಿ ಸೇಬಿನ ಕೇಕು.

"ಇಷ್ಟೊಂದು ಪ್ರಾರ್ಥನೆ! ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ?"

"ಎಲ್ಲ ಲೋಕಕಲ್ಯಾಣಕ್ಕಾಗಿ," ಎಂದು ಕೇಕು ಇಸಿದುಕೊಂಡೆ.

ಅವರು ಹೋದ ಮೇಲೆ ಹೆಂಡತಿಯ ಮುಂದೆ ಬೀಗಿದೆ: "ಈ ಸೀಸನ್ನಿನ ಒಂದು ಮ್ಯಾಚೂ ಬಿಡದ ಪಂಡಿತ ನಾನು. ಹೇಗೆ ಪಾರಾದೆ, ನೋಡಿದೆಯಾ?"

ಹುಬ್ಬಳ್ಳಿಯವಳು ಕೇಕು ಮುರಿಯುತ್ತ ಹೇಳಿದಳು: "ಪಂಡಿತರ, ಆಟದ ಪ್ರತಿ ಕ್ವಾರ್ಟರಿಗೂ ತಂಡಗೋಳು ಕಡೆ ಬದಲಸ್ತಾವ್ರಿ. ಅರ್ಧಕ್ಕರ್ಧ ಗಂಟಿ ನೀವು ಎದುರಾಳಿಗೆ ಬಾರಿಸೀರಿ."

ಇಷ್ಟೆಲ್ಲ ಗೋಲು ಹೊಡೆದೂ ನಮ್ಮ ತಂಡ ವಾರವಾರವೂ ಸೋಲುತ್ತಿದ್ದುದು ಹೇಗೆಂದು ನನಗೆ ತಿಳಿದದ್ದು ಇವತ್ತೇ.