ಕೊರಳಿಗೆ ಬಿಟ್ಟ ಹೆಚ್ಚಿನ ಕಬ್ಬಿಣ

ಸಾಲಾಗಿ ಗಂಡುಮಕ್ಕಳು ಹುಟ್ಟಿ, ಕೊನೆಗೊಂದು ಹೆಣ್ಣು ಹುಟ್ಟಿದರೆ ದಕ್ಷಿಣ ಸುಡಾನಿನ ಬಾರಿ ಬುಡಕಟ್ಟಿನ ಜನ ಅದಕ್ಕೆ ಕಿಡೆನ್ ಎಂದು ಹೆಸರಿಡುತ್ತಾರೆ. ಅಣ್ಣಂದಿರ ನಡುವೆ ಕೂತು ಮುದ್ದೆಯ ಪಾಲಿಗಾಗಿ ಕಿರುಚುತ್ತ ಬೆಳೆದ ಹುಡುಗಿಗೆ ದನಿ ದೊಡ್ಡದಾಗದೆ ಇನ್ನೇನಾದೀತು? ಈ ಕಿಡೆನ್‌ಗೆ ಆ ದನಿಯೇ ಬಂಡವಾಳವಾಯಿತು. ಜೂಬಾದ ಕೊನ್ಯೊಕೊನ್ಯೊ ಸಂತೆಯಲ್ಲಿ ಮಣಿ ಮಾರುವ ಹೆಂಗಸರೆಲ್ಲರ ಚಾಪೆಯ ಮೇಲೂ ಅದೇ ನೀಲಿ, ಅದೇ ಬಿಳಿ, ಅದೇ ಕೆಂಪು. ಆದರೆ ನೈಲ್ ದಾಟಿ ಬಂದ ಗಿರಾಕಿ ದೋಣಿಯಿಂದ ಕಾಲು ಕೆಳಗಿಡುವ ಮೊದಲೇ ಕಿಡೆನ್‌ಳ ಕೂಗು ಅವನ ಕಿವಿ ಹಿಡಿದು ಎಳೆದು ತರುತ್ತಿತ್ತು.

ಅವಳ ಕೊರಳ ತುಂಬ ಮಣಿಸರಗಳು. ಅವುಗಳ ಅಡಿಯಲ್ಲಿ ಒಂದು ಕಬ್ಬಿಣದ ಕಡಗ. ಮದುವೆಯ ದಿನ ರೆಜಾಫ್ ಗುಡ್ಡದ ಬುಡದ ಕಮ್ಮಾರ ಲೊಮೊರೊ ಅದನ್ನು ಬಿಗಿದಿದ್ದ. ಒಮ್ಮೆ ಬಿಗಿದ ಕೊರಳ ಕಡಗವನ್ನು ತುಂಡರಿಸುವುದು ಗಂಡ ಸತ್ತ ದಿನ ಮಾತ್ರ. ಆ ತುಂಡುಗಳು ಅವನ ಜೊತೆಗೇ ಮಣ್ಣಿಗೆ ಹೋಗುತ್ತವೆ.

ಒಳ್ಳೆಯ ಕಡಗದ ಎರಡು ತುದಿಗಳು ಹೆಡಕಿನ ಮೇಲೆ ಒಂದನ್ನೊಂದು ಮುಟ್ಟಿ ನಿಲ್ಲಬೇಕು. ಕಿಡೆನ್‌ಳ ಕಡಗದ ತುದಿಗಳು ಒಂದರ ಮೇಲೊಂದು ಹಾದು ಮುಂದಕ್ಕೆ ಹೋಗಿದ್ದವು. ಮದುಮಗಳು ಕೈ ಹಿಂದೆ ಹಾಕಿ ತಡವಿ ನೋಡಿದವಳೇ ಅಳತೊಡಗಿದಳು.

"ಇದೇನಯ್ಯ ಇದು, ನಾಯಿ ಬಾಲ ಸುತ್ಕೊಂಡ ಹಾಗಿದೆ?"

"ಇರ್ಲಿ ತಾಯಿ. ಕಬ್ಬಿಣ ಜಾಸ್ತಿ ಆದ್ರೆ ಯಾರಿಗೇನು ನಷ್ಟ?"

"ಹೊರೋಳು ನಾನಲ್ವಾ!"

ಲೊಮೊರೊ ಅವಳ ಅಮ್ಮನ ಕಡೆ ಒಮ್ಮೆ ನೋಡಿ, ಸುತ್ತಿಗೆ ಎತ್ತಿಕೊಂಡು ಹೊರಟುಹೋದ. "ಕಮ್ಮಾರರ ಕೆಲಸ, ಇನ್ನೇನು ಕಾಣ್ತೀಯ" ಎಂದು ಅಮ್ಮ ಸಮಾಧಾನ ಹೇಳಿದಳು. ಕಮ್ಮಾರರು ಮಾಡಿದ ಗುದ್ದಲಿ ಹಿಡಿಯಬಹುದು, ಕಡಗ ತೊಡಬಹುದು, ಅವರ ಮನೆಯಲ್ಲಿ ಮಾತ್ರ ತುತ್ತು ಎತ್ತಬಾರದು. ಅವಳ ಕುಲದವರು ಹಾಗೆ ನಡೆದುಕೊಂಡು ಬಂದಿದ್ದರು. ಕಿಡೆನ್ ಕಣ್ಣೊರೆಸಿಕೊಂಡು, ಹೆಡಕಿನ ಮೇಲೆ ದಟ್ಟವಾಗಿ ಮಣಿ ಪೋಣಿಸಿ ಆ ಅವಲಕ್ಷಣವನ್ನು ಮುಚ್ಚಿದಳು.

ಮುಚ್ಚಿದ್ದು ಊರಿಗೆ, ಲೊಮೊರೊನಿಗಲ್ಲ. ಮಣಿಯ ಜೊತೆಗೆ ಕಬ್ಬಿಣದ ಕಡಗಗಳನ್ನೂ ಮಾರತೊಡಗಿದ ಮೇಲೆ ಅವನ ಕುಲುಮೆಗೆ ಹೋದಾಗಲೆಲ್ಲ ಮೊದಲು ಬೆನ್ನು ತಿರುಗಿಸಿ, ಮಣಿ ಸರಿಸಿ ತೋರಿಸುತ್ತಿದ್ದಳು. "ನಿನ್ನ ಕೈಗುಣ ನೋಡ್ಕೋ. ಈಗ ರೇಟು ಹೇಳು." ಅವನು ನಕ್ಕು ಇಳಿಸುತ್ತಿದ್ದ. ವ್ಯಾಪಾರದಲ್ಲಿ ಎದುರಿನವನ ತಪ್ಪಿಗಿಂತ ಒಳ್ಳೆಯ ಸರಕು ಇನ್ನೊಂದಿಲ್ಲ. ಎಷ್ಟು ಸಲ ಬಿಚ್ಚಿ ತೋರಿಸಿದರೂ ಸವೆಯುವುದಿಲ್ಲ. ಅವನ ಮನೆಯವರು ಪ್ರತಿ ಸಲವೂ ಸೋರೆಬುರುಡೆಯಲ್ಲಿ ನೀರು ತಂದಿಡುತ್ತಿದ್ದರು. ಅದು ಇಟ್ಟಲ್ಲೇ ಇರುತ್ತಿತ್ತು. ಲೊಮೊರೊ ತೀರಿಕೊಂಡು ಮಗ ಟೊಂಬೆ ಕುಲುಮೆಗೆ ಕೂತ ಮೇಲೂ ಬೆನ್ನು ತೋರಿಸುವುದು, ನೀರು ಮುಟ್ಟದಿರುವುದು ಎರಡೂ ನಡೆದೇ ಇದ್ದವು.

ಹೀಗೆ ಲಾಭ ಮಾಡಿದವಳು ಉಣ್ಣದೆ ಇರುತ್ತಾಳೆಯೇ? ಶೇಂಗಾ ಅರೆದು ಹಾಕಿದ ಸೊಪ್ಪು, ಎಳ್ಳು, ನೈಲ್ ಮೀನು ಎಲ್ಲ ಸೇರಿ ಕಿಡೆನ್‌ಳನ್ನು ತುಂಬಿಸಿದವು. ಕಡಗ ಮಾತ್ರ ಮದುಮಗಳ ಅಳತೆಯಲ್ಲೇ ಉಳಿಯಿತು. ಮೊದಲು ಮುದ್ದೆ ನುಂಗುವಾಗ ತಡೆಯಿತು. ಆಮೇಲೆ ಮಲಗಿದರೆ ಉಸಿರು ಕಟ್ಟಿತು. ಕೊನೆಗೊಂದು ದಿನ ಸಂತೆಯಲ್ಲಿ ಬಾಯಿ ತೆರೆದರೆ ಹುಂಜ ಕೆಮ್ಮಿದಂಥ ಸದ್ದು ಬಂತು. ಗಿರಾಕಿಗಳು ಪಕ್ಕದ ಚಾಪೆಗೆ ಹೋದರು.

ಸೈಕಲ್ ರಿಪೇರಿಯವನು ಗರಗಸ ಹಿಡಿದು ಬಂದ. "ಒಂದ್ನಿಮಿಷದ ಕೆಲಸ ಅಕ್ಕ."

"ನನ್ನ ಗಂಡ ಇನ್ನೂ ಬದುಕಿದಾನೆ ಕಣೋ!" ಎಂದಳು ಕಿಡೆನ್, ಉಳಿದಷ್ಟು ದನಿಯಲ್ಲಿ.

ಆ ಗಂಡ ಪಿಟಿಯಾ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. "ಕುಯ್ಸಿಬಿಡೇ. ಅಷ್ಟೊತ್ತು ನಾನು ಚಾಪೆ ಮೇಲೆ ಕಣ್ಮುಚ್ಚಿ ಬಿದ್ದಿರ್ತೀನಿ. ಕುಯ್ದಾದ್ಮೇಲೆ ಎದ್ರಾಯ್ತು."

"ಏಳದೆ ಹೋದ್ರೆ?"

ರಾತ್ರಿ ಹೆಂಡತಿ ಉಸಿರಿಗಾಗಿ ಎದ್ದು ಕೂರುವುದನ್ನು ಪಿಟಿಯಾ ನೋಡಿದ್ದ. ಕಡಗ ಹೀಗೇ ಇದ್ದರೆ ಹೋಗುವವಳು ಅವಳು. ತುಂಡರಿಸಿದರೆ ಸರದಿ ತನ್ನದು. ಬಲೆ ಕೆಳಗಿಟ್ಟು ಎದ್ದ. "ನಡಿ. ಬಿಗಿದೋರ ಮನೇಲೇ ಕೇಳೋಣ."

ಅವತ್ತು ಕುಲುಮೆಯಲ್ಲಿ ಕಿಡೆನ್ ಬೆನ್ನು ತೋರಿಸಿದಾಗ ಚೌಕಾಸಿಯ ಮಾತು ಬರಲಿಲ್ಲ. ಟೊಂಬೆ ಮಣಿ ಸರಿಸಿ ತುದಿಗಳನ್ನು ತಡವಿದ.

"ಕುಯ್ಯೋದು ಬೇಡ ದೊಡ್ಡಮ್ಮ. ಸಡಿಲಿಸಬಹುದು. ಅಪ್ಪ ಜಾಗ ಬಿಟ್ಟಿದಾನೆ."

"ಏನು ಜಾಗ?"

"ಮೊದ್ಲು ತಲೆ ಇಡಿ ಇಲ್ಲಿ."

ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ ಕೆನ್ನೆ ಒರಗಿಸಿ ಕಿಡೆನ್ ಸುತ್ತಿಗೆಯ ಕಡೆ ಓರೆಗಣ್ಣು ಹಾಕಿದಳು. "ನಿಮ್ಮಪ್ಪಂಗೆ ನಾನು ಕೊಟ್ಟ ಕಾಟಕ್ಕೆಲ್ಲ ಸೇಡು ತೀರಿಸ್ಕೊಳ್ಳೋಕೆ ಒಳ್ಳೇ ಹೊತ್ತು ಕಣಪ್ಪ."

"ಹೌದು, ಅಲುಗಾಡ್ಬೇಡಿ."

ಅವನು ಕೊರಳಿಗೂ ಕಡಗಕ್ಕೂ ನಡುವೆ ಎಳ್ಳೆಣ್ಣೆ ಸವರಿದ ಕೊಂಬಿನ ಚೂರೊಂದನ್ನು ತೂರಿಸಿದ. ತುದಿಗಳ ನಡುವೆ ಗಟ್ಟಿಮರದ ಬೆಣೆ ಇಟ್ಟು, ಮೊಟ್ಟೆ ಒಡೆಯುವವನಂತೆ ಮೆಲ್ಲಗೆ ತಟ್ಟತೊಡಗಿದ. ತಟ್ಟಿದ ಹಾಗೆಲ್ಲ ಒಂದರ ಮೇಲೊಂದು ಹಾದಿದ್ದ ತುದಿಗಳು ಕೂದಲೆಳೆಯಷ್ಟು ಹಿಂದೆ ಸರಿದವು. ನೆರಳು ಅಂಗಳದ ಬೇಲಿ ಮುಟ್ಟುವ ಹೊತ್ತಿಗೆ ಕಡಗ ಕೊರಳಿನಿಂದ ಬಿಟ್ಟು ನಿಂತಿತು. ತುಂಡಾಗಿರಲಿಲ್ಲ, ಕೊರಳಿನಿಂದ ಹೊರಗೂ ಬಂದಿರಲಿಲ್ಲ. ಪಿಟಿಯಾ ಬೇಲಿಯಾಚೆ ನಿಂತು ತನ್ನ ಎದೆ ಮುಟ್ಟಿ ನೋಡಿಕೊಂಡ.

ಕಿಡೆನ್ ಉಸಿರೆಳೆದಳು. ಎಷ್ಟೋ ತಿಂಗಳಿಂದ ಹೊರಗೇ ನಿಂತಿದ್ದ ಗಾಳಿಯೆಲ್ಲ ಒಟ್ಟಿಗೆ ಒಳಗೆ ಬಂದಂತಾಯಿತು.

"ಇನ್ನೂ ಒಂದು ಬೆರಳಷ್ಟು ಉಳಿದಿದೆ" ಎಂದ ಟೊಂಬೆ. "ಇನ್ನೊಂಚೂರು ದಪ್ಪ ಆದ್ರೂ ನಡೀತದೆ."

"ಎಲ್ಲರಿಗೂ ಹೀಗೇ ಬಿಡ್ತಿದ್ನಾ ನಿಮ್ಮಪ್ಪ?"

"ಇಲ್ಲ. ನಿಮ್ಮ ಮದುವೆಯಿಂದ ಬಂದು ಹೇಳಿದ್ನಂತೆ: ಹುಡುಗಿ ಕಡ್ಡಿ ಹಾಗಿದಾಳೆ, ಆದ್ರೆ ಅವಳಮ್ಮನ್ನ ನೋಡ್ದೆ. ಇವಳೂ ಹಾಗೇ ತುಂಬ್ಕೊಳ್ತಾಳೆ. ನನ್ನ ಕಡೆಯಿಂದ ಒಂದಷ್ಟು ಕಬ್ಬಿಣ ಹಾಕ್ದೆ ಅಂತ."

"ಹಾಳಾದೋನು ನಂಗ್ಯಾಕೆ ಹೇಳ್ಲಿಲ್ಲ?"

"ಮದುವೆ ದಿನ ಹುಡುಗಿಗೆ ನೀನು ದಪ್ಪ ಆಗ್ತೀಯ ಅಂತ ಹೇಳೋ ಗಂಡಸು ಬಾರಿ ನೆಲದಲ್ಲಿ ಎಲ್ಲಿದಾನೆ ದೊಡ್ಡಮ್ಮ?"

ಕಿಡೆನ್ ನಗಲು ಹೋದಳು, ಕಣ್ಣು ತುಂಬಿತು. ಲೊಮೊರೊನ ಮೇಲೆ ಹೊರಿಸಿ ಬೆಲೆ ಇಳಿಸಿಕೊಂಡ ತಪ್ಪು, ಅವನು ತನಗೆ ಕೊಟ್ಟಿದ್ದ ಉಡುಗೊರೆಯಾಗಿತ್ತು. ಕೊಟ್ಟವನು ಅದಕ್ಕಾಗಿ ಬೈಸಿಕೊಂಡು, ನಕ್ಕು, ಮಣ್ಣಾಗಿದ್ದ. ಕೊರಳಿನ ಒಳ್ಳೆಯ ನೀಲಿ ಸರವನ್ನು ಬಿಚ್ಚಿ ಟೊಂಬೆಯ ಮುಂದೆ ಹಿಡಿದಳು. ಅವನು ಬೇಡವೆಂದು ತಲೆಯಾಡಿಸಿದ. "ಅಪ್ಪ ಕೊಟ್ಟಿದ್ದಕ್ಕೆ ನಾನು ಇಸ್ಕೊಳ್ಲಾ?"

ಅಷ್ಟರಲ್ಲಿ ಟೊಂಬೆಯ ಹೆಂಡತಿ ಜೊಕುಡು ಎಂದಿನಂತೆ ನೀರಿನ ಬುರುಡೆ ತಂದಿಟ್ಟು, ಎಂದಿನಂತೆ ತಿರುಗಿ ಹೊರಟಳು. ಹಿಂದಿನಿಂದ ಗಟಗಟ ಸದ್ದು ಕೇಳಿ ನಿಂತಳು. ಕಿಡೆನ್ ಬುರುಡೆ ಬರಿದು ಮಾಡಿ ಕೆಳಗಿಟ್ಟಿದ್ದಳು.

"ಇವತ್ತು ಏನೇ ಅಡುಗೆ?"

"ಬೆಂಡೇಕಾಯಿ, ಒಣಮೀನು... ಜೋಳದ ಮುದ್ದೆ" ಎಂದಳು ಜೊಕುಡು, ಯಾವುದೋ ಪರೀಕ್ಷೆಗೆ ಉತ್ತರ ಕೊಡುವವಳಂತೆ.

"ಬಡಿಸು."

ಬೇಲಿಯಾಚೆಯಿಂದ ಪಿಟಿಯಾ ಕೆಮ್ಮಿದ. "ಲೇ, ನಿಮ್ಮಣ್ಣಂದಿರಿಗೆ ಗೊತ್ತಾದ್ರೆ..."

"ಕುತ್ತಿಗೇನೇ ಇವರ ಕೈಗೆ ಕೊಟ್ಟಾಯ್ತು, ಇನ್ನು ಬಾಯಿಗೇನು ಮಡಿ? ಒಳಗೆ ಬಾ!"

ಆ ಕೂಗಿಗೆ ಕುಲುಮೆಯ ಮೇಲಿನ ಕಾಗೆಗಳು ಹಾರಿದವು. ಹಳೆಯ ದನಿ, ಪೂರ್ತಿ ದನಿ. ಅದನ್ನು ಕೇಳಿದ ಮೇಲೆ ಪಿಟಿಯಾನಿಗೆ ಅಣ್ಣಂದಿರು ಅಷ್ಟು ದೊಡ್ಡವರಾಗಿ ಕಾಣಲಿಲ್ಲ. ಬಗ್ಗಿ ಒಳಗೆ ಬಂದು ಅದೇ ತಟ್ಟೆಗೆ ಕೈ ಹಾಕಿದ. ನುಂಗಿದ ತುತ್ತು ತಡೆಯಿಲ್ಲದೆ ಇಳಿದಾಗ ಕಿಡೆನ್ ಒಂದು ಕ್ಷಣ ಕೈ ನಿಲ್ಲಿಸಿ ಕೂತಳು. ಆಮೇಲೆ ಇನ್ನೊಂದು ಮುದ್ದೆ ಕೇಳಿದಳು.

ಮರುದಿನ ಸಂತೆಯಲ್ಲಿ ಅವಳ ಹೆಡಕಿನ ಮೇಲೆ ಮಣಿ ಇರಲಿಲ್ಲ. ಒಂದರ ಮೇಲೊಂದು ಹಾದ ಕಡಗದ ತುದಿಗಳನ್ನು ಎಲ್ಲರೂ ಕಾಣುವ ಹಾಗೆ ಬಿಟ್ಟು, ಮದುಮಗಳನ್ನು ಕರೆತಂದವರಿಗೆಲ್ಲ ಬೆನ್ನು ತಿರುಗಿಸಿ ತೋರಿಸುತ್ತಿದ್ದಳು. "ನೋಡಿ, ಹೀಗೆ ಹೆಚ್ಚಿಗೆ ಬಿಡೋ ಕಮ್ಮಾರ ಬೇಕು." ಟೊಂಬೆಯ ಕುಲುಮೆಗೆ ಹೋಗುವುದೂ ನಿಲ್ಲಲಿಲ್ಲ, ಚೌಕಾಸಿಯೂ ನಿಲ್ಲಲಿಲ್ಲ. ಈಗ ಅದು ಊಟವಾದ ಮೇಲೆ ನಡೆಯುತ್ತಿತ್ತು, ಅಷ್ಟೆ.