ಒಂದೇ ಕಡೆ ನಿಲ್ಲದ ಆಪಾ

ಕಳೆದ ವಾರ ದಾವಣಗೆರೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ನಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದರು. ಆ ವಾಸನೆ ಬಂದದ್ದೇ ತಡ, ಹರಿಹರದ ನಮ್ಮ ಎದುರು ಮನೆಯ ಆಪಾ, ನನಗೆ ಅಕ್ಕನಂತಿದ್ದವರು, ಪಕ್ಕದಲ್ಲಿ ಬಂದು ಕೂತಂತಾಯಿತು. ಅವರಿಗೆ ಬಸ್ಸು ಹತ್ತಿದರೆ ವಾಕರಿಕೆ. ಆದರೂ ನಿಂಬೆಹಣ್ಣು ಹಿಡಿದುಕೊಂಡೇ ವರ್ಷಗಟ್ಟಲೆ ದಾವಣಗೆರೆಗೆ ಓಡಾಡಿದರು, ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ...

ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್ ಅವರು. ಒಂದು ಕಡೆ ಕೆಲಸ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಅದನ್ನು ಬಿಟ್ಟು, ಇನ್ನೂ ದೊಡ್ಡ ಯಂತ್ರಗಳಿರುವ ಕಡೆ ಸೇರುತ್ತಿದ್ದರು. ಒಂದು ದಿನ ಇಡೀ ಲ್ಯಾಬಿಗೆ ಇನ್‌ಚಾರ್ಜ್ ಆಗಬೇಕೆಂಬ ಹಟ. "ಕಾಲಾಗೆ ಗಾಲಿ ಕಟ್ಕಂಡಾಳ" ಎಂದು ಓಣಿಯವರು ನಗುತ್ತಿದ್ದರು.

ವಿದ್ಯಾನಗರದ ಒಂದು ಲ್ಯಾಬಿನಲ್ಲಿ ನನಗೆ ಮೊದಲ ಕೆಲಸ ಕೊಡಿಸಿದವರೂ ಅವರೇ. ನಾನು ಸೇರಿದ ಕೆಲವೇ ತಿಂಗಳಿಗೆ ಅವರು ಅಲ್ಲಿಂದ ಹೊರಟರು. ದೊಡ್ಡ ಆಸ್ಪತ್ರೆಯೊಂದು ಕರೆದಿತ್ತು. ಆದರೆ ಸೇರುವಾಗ ಇಸಿದುಕೊಂಡಿದ್ದ ಅವರ ಮೂಲ ಅಂಕಪಟ್ಟಿಗಳನ್ನು ಮಾಲೀಕರು ಬಿಡಲಿಲ್ಲ. ಇವತ್ತು, ನಾಳೆ ಎಂದು ಸತಾಯಿಸಿದರು. ಅವಿಲ್ಲದೆ ಹೊಸ ಕಡೆ ಸೇರಿಸಿಕೊಳ್ಳುವಂತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ, ಜನ ಕಿಕ್ಕಿರಿದ ಹೊತ್ತಿಗೆ, ಆಪಾ ಬಂದು ರೋಗಿಗಳ ಬೆಂಚಿನ ಮೇಲೆ ಕೂತರು.

"ಇಲ್ಲಿ ಯಾಕ ಕೂತೀರಿ?" ಎಂದರು ಮಾಲೀಕರು.

"ನನ್ನ ಮಾರ್ಕ್ಸ್ ಕಾರ್ಡ್ ನಿಮ್ಮ ಹತ್ರ ಐತಲ್ರಿ ಸರ್. ಅದು ಕೈಗೆ ಬರೋ ತನಕ ಕೂತಿರ್ತೀನಿ. ನಿಮ್ಮ ಕೆಲಸ ನೀವು ಮಾಡ್ರಿ."

ದನಿ ಏರಲಿಲ್ಲ. ಮಲೆಬೆನ್ನೂರಿನಿಂದ ಬಂದಿದ್ದ ಮುದುಕಿಯೊಬ್ಬಳು "ನಿನಗೇನು ಕಾಯಿಲೆವ್ವಾ?" ಎಂದಳು.

"ಕಾಯಿಲೆ ಏನಿಲ್ಲಮ್ಮ. ಬೇರೆ ಕಡೆ ಕೆಲಸಕ್ಕೆ ಹೊಂಟೀನಿ, ಇವ್ರು ನನ್ನ ಕಾಗದ ಕೊಡ್ತಾ ಇಲ್ಲ."

ಮಾತು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಮಧ್ಯಾಹ್ನದೊಳಗೆ ಮಾಲೀಕರೇ ತಂದು ಅವರ ಕೈಗಿಟ್ಟರು. ಹೊರಗೆ ಬಂದ ಮೇಲೆ ಆಪಾ ಅವನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡರು. "ನೀನೂ ಬಂದ್ಬಿಡು. ಒಂದೇ ಕಡೆ ಇದ್ರೆ ಹೊಸದು ಯಾರೂ ಕಲಿಸಲ್ಲ" ಎಂದರು.

"ಸ್ವಲ್ಪ ದಿನ ಇಲ್ಲೇ ಇರ್ತೀನಿ ಆಪಾ" ಎಂದೆ.

ಆಮೇಲೂ ಅವರು ನಿಲ್ಲಲಿಲ್ಲ... ಕೊನೆಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದು ಇನ್‌ಚಾರ್ಜ್ ಹುದ್ದೆಗೇ ಕರೆಯಿತು. ಅಲ್ಲಿಗೆ ಸೇರಿದ ವಾರದಲ್ಲೇ ಕೆಲಸದ ನಡುವೆ ಕುಸಿದುಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಅವರ ತಮ್ಮನೂ ನಾನೂ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಸರು ಹೇಳಿದರೆ ಕೌಂಟರಿನಲ್ಲಿದ್ದವಳಿಗೆ ತಿಳಿಯಲಿಲ್ಲ. "ಯಾವ ಮೇಡಮ್ ರೀ? ಹೊಸದಾಗಿ ಬಂದಿದ್ರಲ್ಲ, ಅವರಾ?" ಎಂದಳು. ಆಪಾನ ಕೋಣೆಯ ಬಾಗಿಲ ಮೇಲೆ ಹಳೆಯ ಇನ್‌ಚಾರ್ಜ್ ಹೆಸರೇ ಇತ್ತು.

ಹರಿಹರಕ್ಕೆ ತಂದಾಗ ಓಣಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅವರು ಬಿಟ್ಟುಬಂದಿದ್ದ ಲ್ಯಾಬುಗಳವರೆಲ್ಲ ಬಂದಿದ್ದರು. ಅಂಕಪಟ್ಟಿ ಹಿಡಿದಿಟ್ಟುಕೊಂಡಿದ್ದ ಮಾಲೀಕರೂ ಗೋಡೆಗೊರಗಿ ನಿಂತಿದ್ದರು. "ನಮ್ಮಲ್ಲೂ ಇದ್ರು" ಎಂದು ಪಕ್ಕದವರಿಗೆ ಹೇಳಿದರು.

ನಾನಿನ್ನೂ ವಿದ್ಯಾನಗರದ ಅದೇ ಲ್ಯಾಬಿನಲ್ಲಿದ್ದೇನೆ. ಈಗ ಶಿವಮೊಗ್ಗದಿಂದ ಕರೆ ಬಂದಿದೆ, ಇಲ್ಲಿಗಿಂತ ಮೇಲಿನ ಹುದ್ದೆ. ಬೆಳಿಗ್ಗೆ ಹೋಗೋಣ ಅನಿಸಿದ್ದು ಸಂಜೆಗೆ ಬೇಡ ಅನಿಸುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ. ಆಪಾ ಇದ್ದಿದ್ದರೆ "ಹೋಗು" ಎನ್ನುತ್ತಿದ್ದರು, ಅದು ಗೊತ್ತು. ಆದರೆ ಪ್ರತಿ ಹೊಸ ಜಾಗದಲ್ಲಿ, ಯಾರ ಪರಿಚಯವೂ ಇಲ್ಲದ ಮೊದಲ ವಾರದಲ್ಲಿ, ಮಧ್ಯಾಹ್ನದ ಬುತ್ತಿ ಬಿಚ್ಚಿ ಅವರು ಯಾರ ಜೊತೆ ಕೂರುತ್ತಿದ್ದರು ಎಂದು ಕೇಳಬೇಕೆನಿಸುತ್ತದೆ... ಹೇಳುವುದಕ್ಕೆ ಅವರಿಲ್ಲ.