ಚಷ್ಮಾದ ದಸ್ತಗೀರಣ್ಣ ಹೋದ್ರಂತ...

ಸುಳ್ಳ ಸುದ್ದಿ ಇರಬೇಕು ಅನ್ಕೊಂಡೆ...
ಮುಂಜಾನಿ ಪ್ರೇಯರ್ ಮುಗಿಸಿ ಕ್ಲಾಸಿಗೆ ಹೊಂಟಾಗ ಫೋನ್ ಬಂತು.
"ಟೀಚರ್ರ, ಸಿಂದಗಿ ದಸ್ತಗೀರಣ್ಣ ಹೋದ್ರಂತ್ರಿ... ಹಾರ್ಟ್ ಅಟ್ಯಾಕ್."
ಯಾವ ದಸ್ತಗೀರಣ್ಣ ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ...
ನಿನ್ನೆ ಸಂಜಿಮುಂದ ನಕ್ಕೊಂತ ಮಾತಾಡಿದ ಮನಷ್ಯಾ... ಇವತ್ತಿಲ್ಲ ಅಂದ್ರ ಹೆಂಗ ನಂಬೂದು?

ಅವರ ಪರಿಚಯ ಇಲ್ಲದವ್ರಿಗೆ ಎರಡ ಮಾತು.
ಸಿಂದಗಿಯೊಳಗ ಸಣ್ಣದೊಂದು ಚಷ್ಮಾ ಅಂಗಡಿ ಅವರದು.
ಶನಿವಾರ ಬಂತಂದ್ರ ಅಂಗಡಿ ಬಂದ್.
ಬೈಕಿನ ಹಿಂದ ಲೆನ್ಸಿನ ಪೆಟ್ಟಿಗಿ ಕಟ್ಕೊಂಡು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಯಾವ್ದರ ಒಂದು ಹಳ್ಳಿ ಸಾಲಿಗೆ ಹೋಗವ್ರು.
ಮಕ್ಕಳ ಕಣ್ಣು ನೋಡಿ, ಬೇಕಾದವ್ರಿಗೆ ತಮ್ಮ ಕೈಲೇ ಚಷ್ಮಾ ಮಾಡಿ ಕೊಡವ್ರು. ಪುಕ್ಕಟೆ.
ಬ್ಯಾನರ್ ಇಲ್ಲ, ಫೋಟೋ ಇಲ್ಲ...

ತಾಂಬಾ ಹತ್ತಿರದ ನಮ್ಮ ಸಾಲಿಗೆ ಮೊದಲ ಸಲ ಬಂದಾಗ ಮುಖ ಸಿಂಡರಿಸಿದಾಕಿ ನಾನು.
ಪರೀಕ್ಷಾ ಹತ್ರ ಬಂದಿತ್ತು.
"ಲಗೂನ ಮುಗಸ್ರಿ, ಸಿಲೆಬಸ್ ಉಳದೈತಿ" ಅಂದಿದ್ದೆ.

ನನ್ನ ಏಳನೇ ಕ್ಲಾಸಿನ್ಯಾಗ ಸಾವಿತ್ರಿ ಅಂತ ಹುಡುಗಿ.
ಬೋರ್ಡಿನ ಮ್ಯಾಲಿನ ಲೆಕ್ಕ ಒಂದೂ ಬರಕೊಳ್ತಿರಲಿಲ್ಲ. ಎಬ್ಬಿಸಿ ಓದು ಅಂದ್ರ ತಲಿ ಕೆಳಗ ಹಾಕಿ ನಿಲ್ಲಾಕಿ.
ದಡ್ಡಿ ಅಂದಿದ್ದೆ. ನಾಕ ಮಂದಿ ಮುಂದ ಅಂದಿದ್ದೆ...
ದಸ್ತಗೀರಣ್ಣ ಬರೂ ಹಿಂದಿನ ದಿನನ ಅವರಪ್ಪನ್ನ ಕರೆಸಿ, "ಇಕಿಗೆ ಓದು ಹತ್ತಂಗಿಲ್ಲ, ಸುಮ್ನ ಯಾಕ ಕಳಸ್ತೀರಿ" ಅಂತ ಹೇಳಿದ್ದೆ.
ಸೋಮವಾರ ಬಂದು ಟಿ.ಸಿ. ಒಯ್ತೇನಿ ಅಂದಿದ್ದ.


ಸಾವಿತ್ರಿ ಪಾಳಿ ಬಂತು. ಚಾರ್ಟಿನ್ಯಾಗ ಎಲ್ಲಕ್ಕಿಂತ ದೊಡ್ಡ ಅಕ್ಷರನೂ ಆಕಿಗೆ ಕಾಣಲಿಲ್ಲ.
ದಸ್ತಗೀರಣ್ಣ ಫ್ರೇಮಿಗೆ ಒಂದೊಂದ ಗಾಜು ಹಾಕಿ ತಗದು, ಹಾಕಿ ತಗದು...
ಒಂದು ಗಾಜಿಗೆ ಹುಡುಗಿ ತಲಿ ಎತ್ತಿದ್ಲು. ಚಾರ್ಟ್ ನೋಡಲಿಲ್ಲ. ನನ್ನ ನೋಡಿದ್ಲು.
"ಟೀಚರ್... ನಿಮ್ಮ ಗಲ್ಲದ ಮ್ಯಾಲ ಮಚ್ಚಿ ಐತ್ರೀ?"
ಎರಡು ವರ್ಷ ನನ್ನ ಕ್ಲಾಸಿನ್ಯಾಗ ಕುಂತಾಕಿ...

ದಸ್ತಗೀರಣ್ಣ, ಅವತ್ತು ನೀವು ನನ್ನ ಬೈಬೇಕಾಗಿತ್ತು.
ಬೈಲಿಲ್ಲ. ಹೊರಗ ಕಟ್ಟಿ ಮ್ಯಾಲ ಕುಂದ್ರಿಸಿ ನಿಮ್ಮ ತಂಗಿ ಶಮಶಾದಳ ಸುದ್ದಿ ಹೇಳಿದ್ರಿ.
ಸಣ್ಣಾಕಿದ್ದಾಗ ಎಡವ್ತಾಳ, ಕೈಯಾಗಿಂದ ಚೆಲ್ತಾಳ, ಓದು ಬರಂಗಿಲ್ಲ ಅಂತ ಮನ್ಯಾಗ ಸಾಲಿ ಬಿಡಿಸಿದ್ರಂತ. ನಾಲತವಾಡಕ್ಕ ಮದುವಿ ಮಾಡಿ ಕೊಟ್ರಂತ.
ನೀವು ಈ ಕೆಲಸ ಕಲಿತು ಆಕಿಗೆ ಚಷ್ಮಾ ಹಾಕೂದ್ರಾಗ ಆಕಿ ಎರಡು ಮಕ್ಕಳ ತಾಯಿ.
"ಖುಷಿ ಪಡ್ತಾಳ ಅನ್ಕೊಂಡಿದ್ದೆ ಟೀಚರ್ರ. ಮಕ್ಕಳ ಮುಖ ನೋಡಿ ನೋಡಿ ಅತ್ಲು. ಆಮ್ಯಾಲ ನನ್ನ ಕೇಳಿದ್ಲು... 'ಅಣ್ಣಾ, ಇಷ್ಟ ಏನು? ಇಷ್ಟಕ್ಕ ನನ್ನ ಸಾಲಿ ಬಿಡಿಸಿದ್ರಿ?'  ಆ ಮಾತಿಗೇ ಸಾಲಿ ಸಾಲಿ ತಿರಗತೇನ್ರಿ. ಪುಣ್ಯಕ್ಕಲ್ಲ."

ಸೋಮವಾರ ಸಾವಿತ್ರಿ ಅಪ್ಪ ಬರೂದ್ರೊಳಗ ನೀವು ಚಷ್ಮಾ ಹಿಡ್ಕೊಂಡು ಬಂದು ನಿಂತಿದ್ರಿ.
ಅವರಪ್ಪ ಬಂದಕೂಡಲೆ ಸಾವಿತ್ರಿಗೆ ಹಾಕಿ, ಅಂಗಳದ ಆಚಿ ಗ್ವಾಡಿ ತೋರಿಸಿದ್ರಿ.
"ಓದವ್ವಾ, ನಿಮ್ಮಪ್ಪಗ ಕೇಳೂವಂಗ."
ಬಿಸಿಯೂಟದ ಪಟ್ಟಿ ಅದು.
"ಸೋಮವಾರ... ಅನ್ನ... ಸಾಂಬಾರ..."
"ಓದತಾಳಲ್ರೀ ಇಕಿ!" ಅಂದ ಅವರಪ್ಪ. ಕೈಯಾಗಿನ ಅರ್ಜಿ ಮಡಚಿ ಕಿಸೇದಾಗ ಇಟ್ಕೊಂಡ.
ನಾನು ಹುಡುಗಿ ಮುಂದ ಕುಂತು "ತಪ್ಪಾತವ್ವಾ" ಅಂದೆ. ಆಕಿ ನಾಚಿ ನಕ್ಲು...
ಈಗ ವಿಜಯಪುರದಾಗ ನರ್ಸಿಂಗ್ ಓದಾಕತ್ತಾಳ.

ಅವತ್ತಿನಿಂದ ರವಿವಾರಕ್ಕೊಮ್ಮೆ ತಯಾರಾದ ಚಷ್ಮಾ ಮಕ್ಕಳ ಮನಿಗೆ ಮುಟ್ಟಿಸೂ ಕೆಲಸ ನಾ ಹಿಡದೆ.
ಮಂದಿ ಸಮಾಜಸೇವಾ ಅಂತಾರ. ಅಲ್ಲ...
ನನ್ನಂಥ ಟೀಚರ್ ಇನ್ನೆಷ್ಟು ಮಕ್ಕಳಿಗೆ ದಡ್ಡ ಅಂದಿರಬೇಕು ಅನ್ನೂ ಅಂಜಿಕಿ ಅದು.
ಆ ಅಂಜಿಕಿಗೆ ಒಂದು ದಾರಿ ತೋರಿಸಿದವ್ರು ನೀವು.

ಮಧ್ಯಾಹ್ನ ನಿಮ್ಮ ಮನಿಗೆ ಬಂದಿದ್ದೆ ಅಣ್ಣಾ.
ಶಮಶಾದ್ ನನ್ನ ಕೈ ಹಿಡದು ಅಳಾಕತ್ತಿದ್ಲು.
"ಅವತ್ತ ಅಣ್ಣಗ ಹಂಗ ಅನ್ನಬಾರದಿತ್ರಿ. ಎಷ್ಟ ನೊಂದ್ನೋ ಏನೋ... ತಪ್ಪಾತು ಅಂತ ಕೇಳೂದ ಉಳೀತು."
ನೀವು ಯಾಕ ತಿರಗತಿದ್ರಿ ಅಂತ ಆಕಿಗೆ ಗೊತ್ತ ಇರಲಿಲ್ಲ! ಇಷ್ಟ ವರ್ಷ ನೀವು ಹೇಳೇ ಇರಲಿಲ್ಲ...
ನಾನು ಹೇಳಿದೆ.
"ನೀವು ಅಂದಿದ್ದಕ್ಕ ಅವರು ಊರೂರು ತಿರಗಿದ್ರವ್ವಾ. ನೀವು ಸುಮ್ಮನಿದ್ದಿದ್ರ ನಮ್ಮ ಸಾವಿತ್ರಿ ಸಾಲಿ ಬಿಡ್ತಿದ್ಲು."
ಅಳೂದು ನಿಲ್ಲಿಸಿ ನನ್ನ ಮುಖಾನ ನೋಡಿದ್ಲು.
"ಖರೇನ್ರೀ?"
"ಖರೇನವ್ವಾ."
ಬಾಜೂಕ ಕುಂತ ಮಗಳನ್ನ ಹತ್ರ ಕರದು, "ಕೇಳ, ನಿಮ್ಮ ಮಾವ ಏನ ಮಾಡಿದ್ದ ಕೇಳ" ಅಂದ್ಲು. ನನಗ ಅಂದ್ಲು, "ಇನ್ನೊಮ್ಮೆ ಹೇಳ್ರಿ ಟೀಚರ್ರ, ಮೊದಲಿಂದ ಹೇಳ್ರಿ..."
ಹೇಳಿದೆ. ಮನಿ ತುಂಬ ಕುಂತ ಹೆಣ್ಮಕ್ಕಳು ಕೇಳಿದ್ರು.

ನಿಮ್ಮ ಉಪಕಾರಕ್ಕ ಸಾವಿರ ಶರಣು, ದಸ್ತಗೀರಣ್ಣ.
ಹೋಗಿ ಬರ್ರಿ...
ಆ ಮಾಲೀಕ ನಿಮ್ಮ ಜೀವಕ್ಕ ನೆಮ್ಮದಿ ಕೊಡ್ಲಿ, ನಿಮ್ಮ ಮಣ್ಣು ತಂಪಾಗಿರ್ಲಿ.
🙏